ಇನ್ನೊಬ್ಬ ನ್ಯೂಟನ್

ನ್ಯೂಟನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸೇಬು, ಮೂರು ನಿಯಮ, ಮತ್ತೆ ಫಸ್ಟ್ ಇಯರ್ ಮೆಕ್ಯಾನಿಕ್ಸ್. ಈ ಲೇಖನ ಆ ನ್ಯೂಟನ್ ಬಗ್ಗೆ ಅಲ್ಲ. ಐಸಾಕ್ ನ್ಯೂಟನ್ 1727ರಲ್ಲಿ ತೀರಿಕೊಂಡಾಗ ಲಂಡನ್ನಿನ ವಾಪಿಂಗ್ ಅನ್ನೋ ಬಂದರು ಬಡಾವಣೆಯಲ್ಲಿ ಇನ್ನೂ ಎರಡು ವರ್ಷ ತುಂಬದ ಒಂದು ಮಗು ಇತ್ತು. ಹೆಸರು ಜಾನ್ ನ್ಯೂಟನ್. ಅವನು ಮುಂದೆ ಬರೆದ ಒಂದು ಹಾಡನ್ನು ನೀವು ಖಂಡಿತ ಕೇಳಿರ್ತೀರಿ. ಸಿನಿಮಾಗಳಲ್ಲಿ ಬರ್ತದೆ, ಗಿಟಾರ್ ಕಲಿಯೋರು ಶುರುವಿನಲ್ಲೇ ನುಡಿಸ್ತಾರೆ, ಚರ್ಚಿಗೆ ಕಾಲಿಡದವರಿಗೂ ಟ್ಯೂನ್ ಗೊತ್ತು. ಅದು 'ಅಮೇಜಿಂಗ್ ಗ್ರೇಸ್'.

ಈ ಹಾಡಿನ ಹಿಂದಿನ ಕಥೆಯನ್ನೂ ನೀವು ರೀಲ್ಸ್‌ನಲ್ಲಿ ನೋಡಿರಬಹುದು. ಗುಲಾಮರನ್ನು ಸಾಗಿಸೋ ಹಡಗಿನ ಕ್ಯಾಪ್ಟನ್ ಒಬ್ಬ ಬಿರುಗಾಳಿಗೆ ಸಿಕ್ಕಿಕೊಳ್ತಾನೆ, ದೇವರನ್ನು ಕೂಗ್ತಾನೆ, ಬದುಕಿ ಉಳೀತಾನೆ, ಕೂಡಲೇ ಆ ವ್ಯಾಪಾರ ಬಿಟ್ಟು ಪಾದ್ರಿ ಆಗ್ತಾನೆ, ಹಾಡು ಬರೀತಾನೆ. ಒಂದೇ ನಿಮಿಷದಲ್ಲಿ ಮುಗಿಯೋ ಕಥೆ. ಕೇಳೋಕೆ ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಬಿರುಗಾಳಿ ಬಂದದ್ದು 1748ರಲ್ಲಿ. ಗುಲಾಮರ ವ್ಯಾಪಾರದ ವಿರುದ್ಧ ಅವನು ಪುಸ್ತಕ ಅಚ್ಚು ಹಾಕಿಸಿದ್ದು 1788ರಲ್ಲಿ. ನಡುವೆ ನಲವತ್ತು ವರ್ಷ. ಇನ್ನೊಂದು ವಿಷಯ, ಅವನು ಗುಲಾಮರ ಹಡಗಿಗೆ ಕ್ಯಾಪ್ಟನ್ ಆದದ್ದೇ ಬಿರುಗಾಳಿ ಆದ ಮೇಲೆ. ಈ ಮನುಷ್ಯನ ಬಗ್ಗೆ ಬರೀಬೇಕು ಅಂತ ನಮಗೆ ಅನ್ನಿಸಿದ್ದು ಆ ನಲವತ್ತು ವರ್ಷಗಳಿಗಾಗಿ.

ಮೊದಲು ಆ ಪದ. ಗ್ರೇಸ್ ಅಂದ್ರೆ ನಮಗೆ ಗ್ರೇಸ್ ಮಾರ್ಕ್ಸ್. ಎರಡೋ ಮೂರೋ ಅಂಕ ಕಡಿಮೆ ಬಿದ್ದಿದೆ, ಹೆಚ್ಚುಕಡಿಮೆ ಪಾಸಾಗಿದ್ದಾನೆ, ಹೋಗ್ಲಿ ಪಾಪ ಅಂತ ಕೊಡೋ ಮಾರ್ಕ್ಸ್. ಅಂದ್ರೆ ಅದನ್ನು ಪಡೆಯೋಕೂ ಒಂದು ಯೋಗ್ಯತೆ ಬೇಕು. ಕ್ರೈಸ್ತ ನಂಬಿಕೆಯ ನಟ್ಟನಡುವೆ ಇರೋ ಕೃಪೆ ಇದಕ್ಕಿಂತ ತುಂಬ ವಿಚಿತ್ರವಾದದ್ದು. ಸೊನ್ನೆ ತೆಗೆದವನಿಗೆ, ಪರೀಕ್ಷೆಗೇ ಬಾರದವನಿಗೆ, ಉತ್ತರ ಪತ್ರಿಕೆ ಹರಿದು ಎಸೆದವನಿಗೂ ದೇವರು ತಾನಾಗಿ ಕೊಡೋದು ಅದು. ದುಡಿದು ಸಂಪಾದಿಸೋಕೆ ಆಗಲ್ಲ, ಆಮೇಲೆ ಸಾಲದ ಹಾಗೆ ತೀರಿಸೋಕೂ ಆಗಲ್ಲ. ಸುಲಭ ಅನ್ನಿಸ್ತದೆ ಅಲ್ವಾ? ಕಷ್ಟ ಶುರುವಾಗೋದು ಆಮೇಲೆ. ಬಿಟ್ಟಿಯಾಗಿ ಕ್ಷಮೆ ಸಿಕ್ಕವನು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು? ಸಿಕ್ಕ ಕೃಪೆಗೆ ನಿಷ್ಠೆಯಿಂದ ಇರೋದು ಅಂದ್ರೆ ಏನು? ಜಾನ್ ನ್ಯೂಟನ್ನನ ಬದುಕನ್ನು ಈ ಪ್ರಶ್ನೆ ಇಟ್ಟುಕೊಂಡು ಓದಬಹುದು.

ಅಮ್ಮ, ಹಡಗು, ಚಾಟಿ

ಅಪ್ಪ ವ್ಯಾಪಾರಿ ಹಡಗಿನ ಕ್ಯಾಪ್ಟನ್, ವರ್ಷದ ಹೆಚ್ಚಿನ ಭಾಗ ಸಮುದ್ರದ ಮೇಲೆ. ಮಗನನ್ನು ಬೆಳೆಸಿದ್ದು ಅಮ್ಮ ಎಲಿಜಬೆತ್. ನಾಲ್ಕು ವರ್ಷಕ್ಕೇ ಓದೋದು ಕಲಿಸಿದಳು, ಬೈಬಲ್ಲಿನ ಭಾಗಗಳನ್ನು ಬಾಯಿಪಾಠ ಮಾಡಿಸಿದಳು, ಮುಂದೆ ಮಗ ಪಾದ್ರಿ ಆಗಲಿ ಅಂತ ಆಸೆಪಟ್ಟಳು. ಆಕೆ ಕ್ಷಯದಿಂದ 1732ರಲ್ಲಿ ತೀರಿಕೊಂಡಾಗ ಮಗನಿಗೆ ಏಳು ತುಂಬೋಕೆ ಕೆಲವೇ ದಿನ ಬಾಕಿ ಇತ್ತು. ಅಪ್ಪ ಇನ್ನೊಂದು ಮದುವೆ ಆದ. ಹುಡುಗ ಸ್ವಲ್ಪ ಕಾಲ ಬೋರ್ಡಿಂಗ್ ಶಾಲೆಯಲ್ಲಿದ್ದ, ಹನ್ನೊಂದನೇ ವಯಸ್ಸಿಗೆ ಅಪ್ಪನ ಜೊತೆ ಹಡಗು ಹತ್ತಿದ. ಶಾಲೆಯ ಓದು ಅಲ್ಲಿಗೆ ಮುಗೀತು.

ಹದಿನೇಳನೇ ವಯಸ್ಸಿನಲ್ಲಿ, 1742ರ ಕೊನೆಗೆ, ಅಪ್ಪ ಜಮೈಕಾದಲ್ಲಿ ಒಂದು ಕೆಲಸ ಗೊತ್ತುಮಾಡಿದ. ಹೊರಡೋ ಮುಂಚೆ ಜಾನ್ ಕೆಂಟ್ ಪ್ರಾಂತ್ಯದ ಚಾಥಮ್‌ನಲ್ಲಿದ್ದ ಅಮ್ಮನ ಸ್ನೇಹಿತರ ಮನೆಗೆ ಹೋದ. ಅಲ್ಲಿ ಮೇರಿ ಕ್ಯಾಟ್ಲೆಟ್ ಅನ್ನೋ ಹುಡುಗಿಯನ್ನು ನೋಡಿದ. ಮೂರು ದಿನ ಅಂತ ಹೋದವನು ಮೂರು ವಾರ ಅಲ್ಲೇ ಉಳಿದ. ಹಡಗು ಹೊರಟುಹೋಯ್ತು, ಕೆಲಸವೂ ಹೋಯ್ತು. ಮುಂದಿನ ಏಳು ವರ್ಷ ಅವನು ಏನೇನು ಹಾಳಾದರೂ ಈ ಒಂದು ಪ್ರೀತಿ ಮಾತ್ರ ಬಿಡಲಿಲ್ಲ.

ಹಾಳಾಗೋದು ಬೇಗ ಶುರುವಾಯ್ತು. ಆಗಿನ ಬ್ರಿಟನ್ನಿನಲ್ಲಿ ನೌಕಾಪಡೆಗೆ ಜನ ಬೇಕಾದರೆ ದಾರಿಯಲ್ಲಿ ಸಿಕ್ಕ ನಾವಿಕರನ್ನು ಬಲವಂತವಾಗಿ ಹಿಡಿದು ಸೇರಿಸ್ತಿದ್ದರು. 1744ರಲ್ಲಿ ಜಾನ್ ಹಾಗೆ ಸಿಕ್ಕಿಬಿದ್ದ. 'ಹಾರ್ವಿಚ್' ಅನ್ನೋ ಯುದ್ಧನೌಕೆಗೆ ಹಾಕಿದರು. ಅಪ್ಪನ ಪ್ರಭಾವದಿಂದ ಮಿಡ್‌ಶಿಪ್‌ಮನ್ ಹುದ್ದೆಯೂ ಸಿಕ್ಕಿತು. ಅಲ್ಲಿ ಅವನು ಅಮ್ಮ ಕಲಿಸಿದ ನಂಬಿಕೆಯನ್ನು ಪೂರ್ತಿ ಕೈಬಿಟ್ಟ. ಹಡಗು ವರ್ಷಗಟ್ಟಲೆ ಪೂರ್ವದ ಕಡೆ, ಅಂದ್ರೆ ನಮ್ಮ ಇಂಡಿಯಾದ ಕಡೆ, ಹೋಗ್ತದೆ ಅಂತ ಗೊತ್ತಾದಾಗ ಮೇರಿಯನ್ನು ಬಿಟ್ಟು ಇರಲಾರದೆ ಓಡಿಹೋದ. ಹಿಡಿದು ತಂದರು. ಎಲ್ಲರ ಎದುರು ಚಾಟಿಯೇಟು ಕೊಟ್ಟು ಸಾಮಾನ್ಯ ನಾವಿಕನ ದರ್ಜೆಗೆ ಇಳಿಸಿದರು. ಸಾಯಬೇಕು, ಇಲ್ಲಾ ಕ್ಯಾಪ್ಟನ್ನನ್ನು ಸಾಯಿಸಬೇಕು ಅನ್ನೋವಷ್ಟು ಸಿಟ್ಟು ಅವನಿಗೆ. ಕೊನೆಗೆ ಮಡೈರಾ ದ್ವೀಪದಲ್ಲಿ ಅವನನ್ನು ಪಶ್ಚಿಮ ಆಫ್ರಿಕಾಕ್ಕೆ ಹೊರಟಿದ್ದ ವ್ಯಾಪಾರಿ ಹಡಗಿಗೆ ದಾಟಿಸಿದರು. ಆ ಹಡಗಿನ ವ್ಯಾಪಾರ ಮನುಷ್ಯರದ್ದು.

ಮರಳ ಮೇಲೆ ಯೂಕ್ಲಿಡ್

ಸಿಯೆರಾ ಲಿಯೋನ್ ಕರಾವಳಿಯ ಪ್ಲಾಂಟೇನ್ ದ್ವೀಪಗಳಲ್ಲಿ ಒಬ್ಬ ಬಿಳಿಯ ಗುಲಾಮ ವ್ಯಾಪಾರಿ ಇದ್ದ. ದುಡ್ಡು ಮಾಡಬಹುದು ಅಂತ ಜಾನ್ ಅವನ ಹತ್ತಿರ ಕೆಲಸಕ್ಕೆ ಸೇರಿದ. ಸೇರಿ ಸ್ವಲ್ಪ ದಿನಕ್ಕೇ ಜ್ವರ ಹಿಡೀತು. ಆ ವ್ಯಾಪಾರಿಯ ಜೊತೆಗಿದ್ದ, ಅಲ್ಲಿ ತುಂಬ ಪ್ರಭಾವ ಇದ್ದ ಆಫ್ರಿಕನ್ ಹೆಂಗಸಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ಕುಡಿಯೋ ನೀರಿಗೂ ಒದ್ದಾಡಬೇಕಾಯ್ತು. ಹಸಿವು ತಡೆಯಲಾರದೆ ರಾತ್ರಿ ಹೊತ್ತು ತೋಟದ ಗೆಡ್ಡೆ ಕಿತ್ತು ಹಸಿಯಾಗಿ ತಿಂತಿದ್ದ. ಮಾಲೀಕನೂ ಕಳ್ಳ ಅಂತ ಅನುಮಾನಪಟ್ಟು ಅವನನ್ನು ಡೆಕ್ಕಿನ ಮೇಲೆ ಸರಪಳಿಯಲ್ಲಿ ಕಟ್ಟಿಹಾಕಿ ಹೋಗ್ತಿದ್ದ. ಮಳೆ ಬಂದರೆ ಅಲ್ಲೇ ನೆನೆಯಬೇಕು.

ಇಲ್ಲಿ ನಡೆದ ಎರಡು ಸಂಗತಿ ನೆನಪಿಟ್ಟುಕೊಳ್ಳಿ.

ಮೊದಲನೆಯದು ನಮ್ಮಂಥೋರಿಗೆ ಇಷ್ಟ ಆಗೋದು. ಆ ದ್ವೀಪದಲ್ಲಿ ಅವನ ಹತ್ತಿರ ಇದ್ದದ್ದು ಒಂದೇ ಪುಸ್ತಕ, ಯೂಕ್ಲಿಡ್‌ನ ರೇಖಾಗಣಿತ. ಯಾರಿಗೂ ಕಾಣದ ಹಾಗೆ ಸಮುದ್ರದ ದಡಕ್ಕೆ ಹೋಗಿ, ಉದ್ದ ಕೋಲಿನಲ್ಲಿ ಮರಳ ಮೇಲೆ ತ್ರಿಕೋನ, ವೃತ್ತ ಬರೆದು ಪ್ರಮೇಯ ಬಿಡಿಸ್ತಾ ಕೂರ್ತಿದ್ದ. ಅಲೆ ಬಂದು ಅಳಿಸಿದರೆ ಮತ್ತೆ ಬರೀತಿದ್ದನೇನೋ. ಹರಿದ ಬಟ್ಟೆ, ಖಾಲಿ ಹೊಟ್ಟೆ, ಟೀಚರ್ ಇಲ್ಲ, ಎಕ್ಸಾಮ್ ಇಲ್ಲ. ಹಾಗಿದ್ದೂ ಯೂಕ್ಲಿಡ್‌ನ ಮೊದಲ ಆರು ಭಾಗಗಳನ್ನು ಹೆಚ್ಚುಕಡಿಮೆ ಪೂರ್ತಿ ಕಲಿತುಬಿಟ್ಟ.

ಎರಡನೆಯದು ನಮ್ಮನ್ನು ಹೆಚ್ಚು ಕಾಡಿದ್ದು. ಅವನು ಹಸಿವಿನಿಂದ ಸಾಯೋ ಹಾಗಿದ್ದಾಗ ಅವನಿಗೆ ಗುಟ್ಟಾಗಿ ಊಟ ತಂದುಕೊಟ್ಟವರಲ್ಲಿ ಸರಪಳಿಯಲ್ಲಿದ್ದ ಗುಲಾಮರೂ ಇದ್ದರು. ಮಾರಾಟಕ್ಕೆ ಕಾಯ್ತಿದ್ದವರು. ಅವರಿಗೆ ಸಿಗ್ತಿದ್ದದ್ದೇ ಒಂದು ಹಿಡಿ. ಯಾರಾದರೂ ನೋಡಿದರೆ ಅವರಿಗೇ ತೊಂದರೆ. ತಮ್ಮನ್ನು ಮಾರೋ ಗುಂಪಿಗೇ ಸೇರಿದ ಒಬ್ಬ ಬಿಳಿಯ ಹುಡುಗನಿಗೆ ಅದರಲ್ಲೇ ಪಾಲು ಕೊಟ್ಟರು. ಅವನು ಅದಕ್ಕೆ ಏನೂ ಮಾಡಿರಲಿಲ್ಲ, ವಾಪಸ್ ಏನೂ ಕೊಡುವಂತೆಯೂ ಇರಲಿಲ್ಲ. ಕೃಪೆ ಅನ್ನೋ ಪದಕ್ಕೆ ಇದಕ್ಕಿಂತ ನೇರವಾದ ಅರ್ಥ ನಮಗೆ ಗೊತ್ತಿಲ್ಲ. ಈ ಸಂಗತಿಯನ್ನು ಮುಂದೆ ಅವನೇ ತನ್ನ ಪುಸ್ತಕದಲ್ಲಿ ಬರೆದುಕೊಂಡ. ಹಾಗೆ ಊಟ ಕೊಟ್ಟವರ ಹೆಸರು ಮಾತ್ರ ಎಲ್ಲೂ ಉಳಿಯಲಿಲ್ಲ.

ಗ್ರೇಹೌಂಡ್

1747ರಲ್ಲಿ ಅಪ್ಪನ ಕೋರಿಕೆಯಂತೆ 'ಗ್ರೇಹೌಂಡ್' ಹಡಗಿನ ಕ್ಯಾಪ್ಟನ್ ಅವನನ್ನು ಹುಡುಕಿ ಹತ್ತಿಸಿಕೊಂಡ. ಅಷ್ಟೊತ್ತಿಗೆ ಜಾನ್ ಬೇರೆ ವ್ಯಾಪಾರಿಯ ಹತ್ತಿರ ಸೇರಿ ಸ್ವಲ್ಪ ಸುಖವಾಗೇ ಇದ್ದ, ಊರಿಗೆ ಹೋಗೋ ಆಸೆಯೇ ಇರಲಿಲ್ಲ. ಆಸ್ತಿ ಬಂದಿದೆ ಅಂತ ಕ್ಯಾಪ್ಟನ್ ಸುಳ್ಳು ಹೇಳಿದ ಮೇಲೆ, ಮೇರಿಯ ನೆನಪೂ ಬಂದು, ಹೊರಟ. ಹಡಗಿನಲ್ಲಿ ಅವನ ಬಾಯಿ ಎಷ್ಟು ಕೆಟ್ಟದಿತ್ತು ಅಂದ್ರೆ, ಬೈಗುಳದಲ್ಲಿ ಪಳಗಿದ ನಾವಿಕರೇ ಬೆಚ್ಚಿಬೀಳ್ತಿದ್ದರು. ದೇವರ ಹೆಸರನ್ನು ಹೊಸ ಹೊಸ ರೀತಿಯಲ್ಲಿ ಬೈಯೋದೇ ಅವನಿಗೆ ಮಜಾ.

1748ರ ಮಾರ್ಚ್ 10ರ ರಾತ್ರಿ (ಈಗಿನ ಕ್ಯಾಲೆಂಡರಿನಲ್ಲಿ ಮಾರ್ಚ್ 21) ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಹೊಡೀತು. ಮಲಗಿದ್ದ ಕ್ಯಾಬಿನ್ನಿಗೇ ನೀರು ನುಗ್ಗಿತು. ಡೆಕ್ಕಿಗೆ ಓಡ್ತಿದ್ದಾಗ ಕ್ಯಾಪ್ಟನ್ ಅವನಿಗೆ ಚಾಕು ತರೋಕೆ ಹೇಳಿದ. ಇವನು ಹಿಂದಿರುಗಿದ, ಇವನ ಜಾಗದಲ್ಲಿ ಮೇಲೆ ಹೋದವನನ್ನು ಅಲೆ ಎಳೆದುಕೊಂಡು ಹೋಯ್ತು. ಹಡಗಿನ ಒಂದು ಬದಿಯ ಹಲಗೆಗಳೇ ಕಿತ್ತುಹೋಗಿದ್ದವು. ಸರಕು ಜೇನುಮೇಣ ಮತ್ತು ಮರ ಆಗಿದ್ದರಿಂದ, ಎರಡೂ ನೀರಿಗಿಂತ ಹಗುರ, ಹಡಗು ಹೇಗೋ ತೇಲ್ತಾ ಉಳೀತು. ಬಟ್ಟೆ, ಹಾಸಿಗೆ ತುರುಕಿ ತೂತು ಮುಚ್ಚಿದರು. ಬೆಳಗಿನ ಜಾವ ಮೂರರಿಂದ ಮಧ್ಯಾಹ್ನದ ತನಕ ಜಾನ್ ಪಂಪ್ ಹೊಡೆದ. ಕೈ ಎತ್ತೋಕೂ ಆಗದಿದ್ದಾಗ ಅವನನ್ನು ಚುಕ್ಕಾಣಿಗೆ ನಿಲ್ಲಿಸಿದರು. ಮಧ್ಯರಾತ್ರಿವರೆಗೆ ಅಲ್ಲೇ ನಿಂತ.

ಆ ಗಡಿಬಿಡಿಯಲ್ಲಿ, ಕ್ಯಾಪ್ಟನ್ ಜೊತೆ ಏನೋ ಮಾತಾಡ್ತಾ, ಇದೂ ಆಗದಿದ್ದರೆ ದೇವರೇ ಕಾಪಾಡಬೇಕು ಅನ್ನೋ ಅರ್ಥದ ಮಾತು ಅವನ ಬಾಯಿಂದ ಬಂತು. ಎಷ್ಟೋ ವರ್ಷಗಳ ಮೇಲೆ ಬೈಗುಳವಲ್ಲದೆ ದೇವರ ಹೆಸರು ಬಂದದ್ದು. ಹೇಳಿದ ಮೇಲೆ ಅವನಿಗೇ ಗಾಬರಿ ಆಯ್ತು. ತನ್ನಂಥವನ ಮೇಲೆ ಎಂಥ ಕರುಣೆ ಸಾಧ್ಯ? ಚುಕ್ಕಾಣಿ ಹಿಡಿದು ನಿಂತ ಆ ಗಂಟೆಗಳಲ್ಲಿ ಅಮ್ಮ ಕಲಿಸಿದ್ದೆಲ್ಲ ಒಂದೊಂದಾಗಿ ನೆನಪಾಯ್ತು. ಸುಮಾರು ನಾಲ್ಕು ವಾರ ಮುರಿದ ಹಡಗಿನಲ್ಲಿ, ಮುಗೀತಾ ಬಂದ ಆಹಾರದಲ್ಲಿ ಕಳೆದು ಐರ್ಲೆಂಡಿನ ಲಾಫ್ ಸ್ವಿಲ್ಲಿ ಕೊಲ್ಲಿ ಸೇರಿದರು. ಬದುಕಿರೋ ತನಕ ಪ್ರತಿ ವರ್ಷ ಮಾರ್ಚ್ 21 ಅವನಿಗೆ ವಿಶೇಷ ದಿನ ಆಗಿತ್ತು.

ಆಮೇಲಿನ ಆರು ವರ್ಷ

ರೀಲ್ಸ್ ಕಥೆ ಇಲ್ಲಿಗೆ ಮುಗೀತದೆ. ನಿಜವಾದ ಕಥೆ ಇಲ್ಲಿಂದ ಕಷ್ಟ ಆಗ್ತದೆ.

ಬಾಯಿಯ ಹೊಲಸು ನಿಂತುಹೋಯ್ತು, ಪ್ರಾರ್ಥನೆ ಶುರುವಾಯ್ತು. ಆದರೆ ಅದೇ 1748ರಲ್ಲಿ ಅವನು 'ಬ್ರೌನ್‌ಲೋ' ಅನ್ನೋ ಗುಲಾಮರ ಹಡಗಿನಲ್ಲಿ ಮೇಟ್ ಆಗಿ ಆಫ್ರಿಕಾಕ್ಕೆ ಹೋದ. 1750ರ ಫೆಬ್ರವರಿಯಲ್ಲಿ ಮೇರಿಯನ್ನು ಮದುವೆಯಾದ. ಅದೇ ವರ್ಷ 'ಡ್ಯೂಕ್ ಆಫ್ ಆರ್ಗೈಲ್' ಹಡಗಿನ ಕ್ಯಾಪ್ಟನ್ ಆದ. ಆಮೇಲೆ 'ಆಫ್ರಿಕನ್' ಅನ್ನೋ ಹಡಗಿನಲ್ಲಿ ಎರಡು ಯಾನ. ಲಿವರ್‌ಪೂಲಿನಿಂದ ಪಶ್ಚಿಮ ಆಫ್ರಿಕಾ, ಅಲ್ಲಿಂದ ವೆಸ್ಟ್ ಇಂಡೀಸ್, ಅಲ್ಲಿಂದ ಮನೆಗೆ. ಮೊದಲ ಹಂತದಲ್ಲಿ ಸಾಮಾನು, ಎರಡನೇ ಹಂತದಲ್ಲಿ ಮನುಷ್ಯರು, ಮೂರನೇ ಹಂತದಲ್ಲಿ ಲಾಭ. ಅವನ ಕೈಬರಹದ ಲಾಗ್ ಬುಕ್ ಇವತ್ತಿಗೂ ಇದೆ. ಗಾಳಿ, ದಿಕ್ಕು, ಹವಾಮಾನದ ಜೊತೆ ಕೊಂಡ ಗುಲಾಮರ ಲೆಕ್ಕ. ಸತ್ತವರನ್ನು ಸಮುದ್ರಕ್ಕೆ ಹಾಕಿದ್ದು ಬರೆಯುವಾಗ ಹೆಸರಿನ ಜಾಗದಲ್ಲಿ ನಂಬರ್. ದಂಗೆಯ ಸಂಚಿನ ಸುಳಿವು ಸಿಕ್ಕಾಗ ಹುಡುಗರ ಹೆಬ್ಬೆರಳಿಗೆ ಹಿಂಡೋ ಸ್ಕ್ರೂ ಹಾಕಿ ಬಾಯಿ ಬಿಡಿಸಿದ್ದೂ ಅವನೇ ಬರೆದಿಟ್ಟಿದ್ದಾನೆ. ಡೆಕ್ಕಿನ ಕೆಳಗೆ ಐದಡಿ ಎತ್ತರದ ಜಾಗ, ಅದರ ಮಧ್ಯೆ ಇನ್ನೊಂದು ಹಲಗೆ, ಎರಡೂ ಸಾಲಿನಲ್ಲಿ ಎದ್ದು ಕೂರೋಕೂ ಆಗದ ಹಾಗೆ ಜೋಡಿಜೋಡಿಯಾಗಿ ಸಂಕೋಲೆ ಹಾಕಿದ ಜನ.

ಮೇಲಿನ ಡೆಕ್ಕಿನಲ್ಲಿ ಕ್ಯಾಪ್ಟನ್ ಏನು ಮಾಡ್ತಿದ್ದ? ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸ್ತಿದ್ದ. ಲ್ಯಾಟಿನ್ ಓದ್ತಿದ್ದ. ಹೆಂಡತಿಗೆ ಉದ್ದುದ್ದ ಪ್ರೇಮಪತ್ರ ಬರೀತಿದ್ದ. ಪ್ಲಾಂಟೇನ್ ದ್ವೀಪಕ್ಕೂ ಹೋಗಿಬಂದ. ಹಿಂದೆ ಅಲ್ಲಿ ಅವನ ಕೈಯಲ್ಲಿ ನಿಂಬೆ ಗಿಡ ನೆಡಿಸ್ತಿದ್ದ ಮಾಲೀಕ, ಇವು ಬೆಳೆದು ಹಣ್ಣು ಬಿಡೋ ಹೊತ್ತಿಗೆ ನೀನು ಕ್ಯಾಪ್ಟನ್ ಆಗಿ ಬಂದು ಕೀಳ್ತೀಯೇನೋ ಅಂತ ಗೇಲಿ ಮಾಡಿದ್ದ. ಗೇಲಿ ನಿಜವಾಯ್ತು, ಅವನು ಕ್ಯಾಪ್ಟನ್ ಆಗೇ ಬಂದ. ಅಲ್ಲಿ ತನಗೆ ಊಟ ಕೊಟ್ಟವರಂಥ ಜನರನ್ನೇ ಈಗ ಕೊಂಡು ತುಂಬಿಸಿಕೊಂಡು ಹೋಗೋ ಕ್ಯಾಪ್ಟನ್.

ಓದೋವಾಗ ಸಿಟ್ಟು ಬರ್ತದೆ. ಇವನು ಕಪಟಿ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ಕಪಟಿಗೆ ತಾನು ಮಾಡ್ತಿರೋದು ತಪ್ಪು ಅಂತ ಒಳಗೊಳಗೆ ಗೊತ್ತಿರ್ತದೆ. ಇವನಿಗೆ ಆ ಅನುಮಾನವೇ ಬರಲಿಲ್ಲ, ಅದು ಇನ್ನೂ ಭಯಂಕರ. ಕಾನೂನು ಒಪ್ಪಿತ್ತು. ಮರ್ಯಾದಸ್ಥ ವ್ಯಾಪಾರಿಗಳು ದುಡ್ಡು ಹಾಕ್ತಿದ್ದರು. ಚರ್ಚಿನಲ್ಲೂ ಹೆಚ್ಚಿನವರು ಬೇಡ ಅನ್ನಲಿಲ್ಲ. ಆ ಕೆಲಸ ಅವನಿಗೆ ಹಿಡಿಸ್ತಿರಲಿಲ್ಲ. ತಾನೊಬ್ಬ ಜೈಲರ್ ಥರ ಅನ್ನಿಸಿ, ಬೇರೆ ಕೆಲಸ ಕೊಡು ಅಂತ ದೇವರನ್ನು ಕೇಳಿಕೊಳ್ತಿದ್ದ, ಅಷ್ಟೇ. ಕೃಪೆಯನ್ನು ತನ್ನ ಬೈಗುಳಕ್ಕೆ, ಕುಡಿತಕ್ಕೆ, ತನ್ನ ಪ್ರಾರ್ಥನೆಗೆ ಅನ್ವಯಿಸಿಕೊಂಡಿದ್ದ. ಡೆಕ್ಕಿನ ಕೆಳಗಿನ ಜಾಗಕ್ಕೆ ಅದನ್ನು ಇಳಿಯೋಕೆ ಬಿಟ್ಟಿರಲಿಲ್ಲ. ಬಿರುಗಾಳಿಯ ಹೊತ್ತಿನ ತನ್ನನ್ನು ಪೂರ್ತಿ ಅರ್ಥದಲ್ಲಿ ವಿಶ್ವಾಸಿ ಅಂತ ಕರೆಯೋಕೆ ಆಗಲ್ಲ, ಅದು ಬಂದದ್ದು ತುಂಬ ಸಮಯದ ಮೇಲೆ ಅಂತ ಮುಂದೆ ಅವನೇ ಒಪ್ಪಿಕೊಂಡ.

1754ರಲ್ಲಿ ಸೇಂಟ್ ಕಿಟ್ಸ್ ದ್ವೀಪದಲ್ಲಿ ಅಲೆಕ್ಸಾಂಡರ್ ಕ್ಲೂನಿ ಅನ್ನೋ ಇನ್ನೊಬ್ಬ ಹಡಗಿನ ಕ್ಯಾಪ್ಟನ್ ಸಿಕ್ಕಿದ. ಅಲ್ಲಿತನಕ ಜಾನ್‌ನ ಭಕ್ತಿಯಲ್ಲಿ ಒಂದು ಹೆದರಿಕೆ ಇತ್ತು, ತಾನು ಮತ್ತೆ ಜಾರಿಬೀಳ್ತೀನೇನೋ ಅಂತ. ತಾನು ದೇವರನ್ನು ಹಿಡಿದುಕೊಂಡಿರೋದಕ್ಕಿಂತ ದೇವರು ತನ್ನನ್ನು ಹಿಡಿದುಕೊಂಡಿರೋದು ದೊಡ್ಡದು ಅಂತ ಅವನಿಗೆ ಅರ್ಥ ಆದದ್ದು ಕ್ಲೂನಿ ಜೊತೆ ರಾತ್ರಿಯೆಲ್ಲ ಕೂತು ಮಾತಾಡಿದಾಗ. ಅದೇ ವರ್ಷ ನವೆಂಬರಿನಲ್ಲಿ, ಮುಂದಿನ ಯಾನ ಹೊರಡೋ ಎರಡು ದಿನ ಮುಂಚೆ, ಹೆಂಡತಿ ಜೊತೆ ಟೀ ಕುಡೀತಾ ಕೂತಿದ್ದವನು ಫಿಟ್ಸ್ ಬಂದ ಹಾಗೆ ಬಿದ್ದ. ವೈದ್ಯರು ಸಮುದ್ರಕ್ಕೆ ಹೋಗಬೇಡ ಅಂದರು. ಗುಲಾಮರ ವ್ಯಾಪಾರ ಅವನಿಂದ ಬಿಟ್ಟುಹೋದದ್ದು ಹೀಗೆ, ಕಾಯಿಲೆಯಿಂದ. ಆತ್ಮಸಾಕ್ಷಿ ಎಚ್ಚೆತ್ತಿದ್ದು ಇನ್ನೂ ಎಷ್ಟೋ ವರ್ಷ ಆದ ಮೇಲೆ.

ಓಲ್ನಿಯ ಪಾದ್ರಿ

ಲಿವರ್‌ಪೂಲಿನಲ್ಲಿ ಬಂದರಿಗೆ ಬರೋ ಹಡಗುಗಳನ್ನು ತಪಾಸಣೆ ಮಾಡೋ ಸುಂಕದ ಅಧಿಕಾರಿಯ ಕೆಲಸ ಸಿಕ್ಕಿತು. ಬಿಡುವಿನಲ್ಲಿ ಗ್ರೀಕ್, ಹೀಬ್ರೂ ತಾನೇ ಕಲಿತ. ಪಾದ್ರಿ ಆಗಬೇಕು ಅಂತ 1758ರಲ್ಲಿ ಅರ್ಜಿ ಹಾಕಿದ. ಯೂನಿವರ್ಸಿಟಿ ಡಿಗ್ರಿ ಇಲ್ಲ, ಜೊತೆಗೆ ಅತಿ ಉತ್ಸಾಹದ ಭಕ್ತರ ಸಹವಾಸ ಬೇರೆ, ತಿರಸ್ಕಾರ ಆಯ್ತು. ಆರು ವರ್ಷ ಕಾದ ಮೇಲೆ 1764ರಲ್ಲಿ, ಲಾರ್ಡ್ ಡಾರ್ಟ್‌ಮತ್ ಸಹಾಯದಿಂದ ದೀಕ್ಷೆ ಸಿಕ್ಕಿತು. ಬಕಿಂಗ್‌ಹ್ಯಾಮ್‌ಶೈರ್‌ನ ಓಲ್ನಿ ಅನ್ನೋ ಸಣ್ಣ ಊರಿಗೆ ಹೋದ. ಅಲ್ಲಿನ ಜನರ ಕಸುಬು ಲೇಸ್ ಹೆಣೆಯೋದು, ಬಡತನ ಬಹಳ. ಅಮ್ಮನ ಆಸೆ ಅವಳು ಹೋಗಿ 32 ವರ್ಷಕ್ಕೆ ಈಡೇರಿತು.

ತನ್ನ ಹಾಳುಬದುಕಿನ ಕಥೆಯನ್ನು ಅವನು ಮುಚ್ಚಿಡಲಿಲ್ಲ. 1764ರಲ್ಲೇ ಅದನ್ನು ಪತ್ರಗಳ ರೂಪದಲ್ಲಿ ಅಚ್ಚು ಹಾಕಿಸಿದ. ಕೇಳೋಕೆ ಜನ ಎಷ್ಟು ಬಂದರು ಅಂದ್ರೆ ಚರ್ಚಿಗೆ ಹೊಸ ಗ್ಯಾಲರಿ ಕಟ್ಟಬೇಕಾಯ್ತು. ಪ್ರಸಂಗಕ್ಕೆ ಹೊಂದೋ ಹಾಗೆ ಸರಳ ಪದಗಳಲ್ಲಿ ಕೀರ್ತನೆ ಬರೆಯೋದು ರೂಢಿ ಆಯ್ತು. ಅವುಗಳಲ್ಲಿ ಒಂದು 1773ರ ಜನವರಿ 1ರ ಪ್ರಸಂಗಕ್ಕೆ ಬರೆದದ್ದು. ವಿಷಯ ಬೈಬಲ್ಲಿನ ಒಂದನೇ ಪೂರ್ವಕಾಲ ವೃತ್ತಾಂತದಲ್ಲಿ ಬರೋ ದಾವೀದ ರಾಜನ ಪ್ರಾರ್ಥನೆ, ತನ್ನಂಥವನನ್ನು ದೇವರು ಇಲ್ಲಿತನಕ ತಂದದ್ದಕ್ಕೆ ರಾಜ ಪಡೋ ಆಶ್ಚರ್ಯ. ನಾವು ಇವತ್ತು ಕೇಳೋ 'ಅಮೇಜಿಂಗ್ ಗ್ರೇಸ್' ಅದೇ. ಈಗಿನ ಟ್ಯೂನ್ ಅದಕ್ಕೆ ಸೇರಿದ್ದು 1835ರಲ್ಲಿ, ಅಮೆರಿಕದಲ್ಲಿ.

ಆ ಹಾಡು ಹುಟ್ಟಿದ ವಾರದಲ್ಲೇ ಇನ್ನೊಂದು ಘಟನೆ ನಡೀತು. ಹಾಡಿನ ಬಗ್ಗೆ ಹೇಳುವವರು ಇದನ್ನು ಹೇಳೋದು ಕಡಿಮೆ. ಕವಿ ವಿಲಿಯಂ ಕೂಪರ್ 1767ರಿಂದ ಓಲ್ನಿಯಲ್ಲಿದ್ದ, ನ್ಯೂಟನ್ನನ ಹತ್ತಿರದ ಗೆಳೆಯ. ಇಬ್ಬರ ಮನೆಯ ಹಿತ್ತಲೂ ಹತ್ತಿರ, ದಿನಾ ಭೇಟಿ, ಸೇರಿ ಕೀರ್ತನೆ ಬರೆಯೋ ಯೋಜನೆ. ಕೂಪರ್‌ಗೆ ಮೊದಲಿನಿಂದಲೂ ಖಿನ್ನತೆಯ ಕಾಯಿಲೆ ಇತ್ತು. 1773ರ ಜನವರಿಯ ಶುರುವಿನಲ್ಲೇ ಅದು ತೀವ್ರವಾಗಿ ಮರಳಿತು. ದೇವರು ಎಲ್ಲರನ್ನೂ ಒಪ್ಪಿಕೊಂಡರೂ ತನ್ನೊಬ್ಬನನ್ನು ಮಾತ್ರ ಕೈಬಿಟ್ಟಿದ್ದಾನೆ ಅಂತ ಅವನು ಗಟ್ಟಿಯಾಗಿ ನಂಬಿಬಿಟ್ಟ. ಮತ್ತೆಂದೂ ಚರ್ಚಿಗೆ ಬರಲಿಲ್ಲ.

ಕೃಪೆಯ ಬಗ್ಗೆ ಹಾಡು ಬರೆದವನ ಎದುರಿಗೇ, ಕೃಪೆ ನನಗಿಲ್ಲ ಅನ್ನೋ ಗೆಳೆಯ. ನ್ಯೂಟನ್ ವಾದ ಮಾಡಿ ಗೆಲ್ಲೋಕೆ ಹೋಗಲಿಲ್ಲ. ಕೂಪರ್ ಒಂದು ರಾತ್ರಿಗೆ ಅಂತ ಅವನ ಮನೆಗೆ ಬಂದವನು ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದ. ನ್ಯೂಟನ್ ದಂಪತಿ ಹೋಗು ಅನ್ನಲಿಲ್ಲ. ಅವನು ಜೀವಕ್ಕೆ ಅಪಾಯ ಮಾಡಿಕೊಳ್ಳದ ಹಾಗೆ ಕಾದರು, ಜೊತೆಗೆ ನಡೆದಾಡಿದರು, ತೋಟದ ಕೆಲಸ ಮಾಡಿಸಿದರು. ಕೂಪರ್ ಸ್ವಲ್ಪ ಚೇತರಿಸಿಕೊಂಡ, ದೊಡ್ಡ ಕವಿ ಅಂತ ಹೆಸರಾದ. ಆದರೆ ದೇವರ ಬಗೆಗಿನ ಆ ಹತಾಶೆ 1800ರಲ್ಲಿ ಸಾಯೋ ತನಕ ಹೋಗಲಿಲ್ಲ. ನ್ಯೂಟನ್ ಅವನನ್ನು ಕೊನೆತನಕ ಗೆಳೆಯನಾಗೇ ಉಳಿಸಿಕೊಂಡ. 1779ರಲ್ಲಿ ಪ್ರಕಟವಾದ 'ಓಲ್ನಿ ಹಿಮ್ಸ್' ಸಂಕಲನದ 348 ಕೀರ್ತನೆಗಳಲ್ಲಿ ಹೆಚ್ಚಿನವು ನ್ಯೂಟನ್ನನವು, ಉಳಿದವು ಕೂಪರ್‌ನವು. ಸಿಕ್ಕ ಕೃಪೆಗೆ ನಿಷ್ಠನಾಗಿರೋದು ಅಂದ್ರೆ ಕೆಲವು ಸಲ ಇಷ್ಟೇ ಇರಬಹುದು, ನಂಬೋಕೆ ಆಗದವನಿಗೆ ಮನೆಯಲ್ಲಿ ಒಂದು ಕೋಣೆ ಕೊಡೋದು.

ಬಾಗಿಲು ತಟ್ಟಿದ ಸಂಸದ

1779ರ ಕೊನೆಗೆ ನ್ಯೂಟನ್ ಲಂಡನ್ನಿನ ಲೊಂಬಾರ್ಡ್ ಸ್ಟ್ರೀಟ್ ಹತ್ತಿರದ ಸೇಂಟ್ ಮೇರಿ ವುಲ್‌ನೊತ್ ಚರ್ಚಿಗೆ ಬಂದ. ಬ್ಯಾಂಕರುಗಳ, ವ್ಯಾಪಾರಿಗಳ ಬೀದಿ ಅದು. 1785ರ ಡಿಸೆಂಬರಿನಲ್ಲಿ 26 ವರ್ಷದ ಒಬ್ಬ ಸಂಸದ ಗುಟ್ಟಾಗಿ ಅವನನ್ನು ನೋಡೋಕೆ ಬಂದ. ಬಾಗಿಲು ತಟ್ಟೋಕೆ ಧೈರ್ಯ ಬಾರದೆ ಮನೆಯೆದುರಿನ ಚೌಕದಲ್ಲಿ ಒಂದೆರಡು ಸುತ್ತು ಹಾಕಿದನಂತೆ. ಅವನೇ ವಿಲಿಯಂ ವಿಲ್ಬರ್‌ಫೋರ್ಸ್, ಪ್ರಧಾನಿ ಪಿಟ್‌ನ ಗೆಳೆಯ. ಹೊಸದಾಗಿ ಭಕ್ತಿಯ ಕಡೆ ತಿರುಗಿದ್ದ ಅವನಿಗೆ ರಾಜಕೀಯ ಬಿಟ್ಟುಬಿಡಬೇಕೇನೋ ಅನ್ನೋ ಗೊಂದಲ. ಬಿಡಬೇಡ, ಅಲ್ಲೇ ಇದ್ದು ಕೆಲಸ ಮಾಡು ಅನ್ನೋದು ನ್ಯೂಟನ್ ಕೊಟ್ಟ ಸಲಹೆ. 1787ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸೋಕೆ ಲಂಡನ್ನಿನಲ್ಲಿ ಒಂದು ಸಮಿತಿ ಹುಟ್ಟಿತು. ಸಂಸತ್ತಿನಲ್ಲಿ ಆ ಹೋರಾಟದ ದನಿ ಆದವನು ವಿಲ್ಬರ್‌ಫೋರ್ಸ್.

ಈಗ ನ್ಯೂಟನ್ ಮುಂದೆ ಎರಡು ದಾರಿ. ಅವನಿಗೆ 62 ವರ್ಷ, ಇಡೀ ದೇಶ ಗೌರವಿಸೋ ಪಾದ್ರಿ. ದೇವರು ಕ್ಷಮಿಸಿಯಾಗಿದೆ, ಹಳೇದನ್ನು ಯಾಕೆ ಕೆದಕಬೇಕು ಅಂತ ಸುಮ್ಮನಿರಬಹುದಿತ್ತು. ಕೃಪೆಯ ಹೆಸರಿನಲ್ಲೇ ಫೈಲ್ ಕ್ಲೋಸ್ ಮಾಡಬಹುದಿತ್ತು. ಅವನು ಹಾಗೆ ಮಾಡಲಿಲ್ಲ. 1788ರಲ್ಲಿ ಆಫ್ರಿಕನ್ ಗುಲಾಮರ ವ್ಯಾಪಾರದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಬೇರೆಯವರು ಕೇಳಿ ಬರೆದದ್ದನ್ನು ಅವನು ಕಂಡವನಾಗಿ, ಮಾಡಿದವನಾಗಿ ಬರೆದ. ಹಲಗೆಗಳ ಅಳತೆ, ಸಂಕೋಲೆ, ಹೆಬ್ಬೆರಳಿನ ಸ್ಕ್ರೂ, ಹೆಂಗಸರ ಮೇಲೆ ನಡೆಯೋ ದೌರ್ಜನ್ಯ, ಸಾಯೋ ನಾವಿಕರ ಸಂಖ್ಯೆ. ತನ್ನ ತಪ್ಪೊಪ್ಪಿಗೆ ತುಂಬ ತಡವಾಗಿ ಬಂದಿದೆ, ತಾನು ಇಂಥದ್ದರಲ್ಲಿ ಕೈಯಾಡಿಸಿದ್ದೆ ಅನ್ನೋದು ಸಾಯೋ ತನಕ ತನಗೆ ನಾಚಿಕೆ ತರುತ್ತದೆ ಅಂತಲೂ ಸೇರಿಸಿದ. ಪುಸ್ತಕದ ಪ್ರತಿಗಳು ಸಂಸದರ ಕೈ ಸೇರಿದವು. ಅದೇ ವರ್ಷ ಪ್ರಿವಿ ಕೌನ್ಸಿಲ್ ಎದುರು, 1790ರಲ್ಲಿ ಕಾಮನ್ಸ್ ಸಮಿತಿಯ ಎದುರು ಸಾಕ್ಷಿ ಹೇಳಿದ. ಕೂಪರ್ ಕೂಡ 1788ರಲ್ಲೇ ಗುಲಾಮಗಿರಿಯ ವಿರುದ್ಧ ಕವನ ಬರೆದುಕೊಟ್ಟ.

ಇಷ್ಟಾದರೂ ನ್ಯೂಟನ್ನನ್ನು ಹೀರೋ ಮಾಡೋಕೆ ನಮಗೆ ಮನಸ್ಸಿಲ್ಲ. ಹಡಗು ಬಿಟ್ಟ 1754ರಿಂದ 1788ರವರೆಗೆ 34 ವರ್ಷ ಆಯ್ತು. ಅಷ್ಟರಲ್ಲಿ ಎಷ್ಟು ಹಡಗು ಹೋದವು, ಎಷ್ಟು ಜನ ಆ ಹಲಗೆಗಳ ಮೇಲೆ ಸತ್ತರು. ಅವನ ನಾಚಿಕೆಯಿಂದ ಅವರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಇದನ್ನು ಅವನೂ ನಿರಾಕರಿಸಲಿಲ್ಲ ಅನ್ನೋದೇ ಅವನ ಬಗ್ಗೆ ಹೇಳಬಹುದಾದ ಒಳ್ಳೇ ಮಾತು. ಕ್ಷಮೆ ಸಿಕ್ಕಿದೆ ಅನ್ನೋ ಭರವಸೆ ಇದ್ದದ್ದಕ್ಕೇ ಅವನಿಗೆ ಸತ್ಯ ಹೇಳೋಕೆ ಆಯ್ತು ಅಂತ ನಮಗೆ ಅನ್ನಿಸ್ತದೆ. ಸತ್ಯ ಹೇಳಿದರೆ ಎಲ್ಲ ಕಳೆದುಕೊಳ್ತೀನಿ ಅನ್ನೋ ಭಯ ಇರೋನು ಕೊನೆತನಕ ಸಮರ್ಥನೆ ಮಾಡಿಕೊಳ್ತಾನೇ ಇರ್ತಾನೆ. ಮಾರ್ಕ್ಸ್ ಮೇಲೆ, ರೆಸ್ಯೂಮೆ ಮೇಲೆ ನಿಂತಿರೋ ನಮ್ಮ ಬದುಕಿನಲ್ಲೂ ಇದು ಗೊತ್ತಿರೋ ಸಂಗತಿಯೇ. ತೂಗಿ ನೋಡದೆ ನಮ್ಮನ್ನು ಒಪ್ಪಿಕೊಳ್ಳೋರ ಎದುರು ಮಾತ್ರ ನಾವು ನಿಜ ಹೇಳ್ತೀವಿ.

1807

1790ರ ಡಿಸೆಂಬರಿನಲ್ಲಿ ಮೇರಿ ಕ್ಯಾನ್ಸರಿನಿಂದ ತೀರಿಕೊಂಡಳು. ಮಸೂದೆ 1791ರಲ್ಲಿ 88ಕ್ಕೆ 163 ಮತಗಳಿಂದ ಬಿದ್ದುಹೋಯ್ತು. ವಿಲ್ಬರ್‌ಫೋರ್ಸ್ ಮತ್ತೆ ಮತ್ತೆ ತಂದ, ಮತ್ತೆ ಮತ್ತೆ ಸೋತ. ನ್ಯೂಟನ್ನನ ಕಣ್ಣು ಮಂಜಾಯ್ತು, ಕಿವಿ ಮಂದ ಆಯ್ತು, ಪ್ರಸಂಗದ ನಡುವೆ ಎಲ್ಲಿದ್ದೀನಿ ಅನ್ನೋದು ಮರೆತುಹೋಗ್ತಿತ್ತು. ಸಾಕು ನಿಲ್ಲಿಸಿ ಅಂತ ಗೆಳೆಯರು ಹೇಳಿದರೂ ಎಂಬತ್ತು ದಾಟುವವರೆಗೆ ಬಿಡಲಿಲ್ಲ. ನೆನಪು ಹೆಚ್ಚುಕಡಿಮೆ ಹೋದರೂ ಎರಡು ವಿಷಯ ಮಾತ್ರ ಉಳಿದಿವೆ ಅಂತಿದ್ದನಂತೆ, ತಾನು ದೊಡ್ಡ ಪಾಪಿ ಅನ್ನೋದು ಒಂದು, ಕ್ರಿಸ್ತ ದೊಡ್ಡ ರಕ್ಷಕ ಅನ್ನೋದು ಇನ್ನೊಂದು. ಎರಡರಲ್ಲಿ ಮೊದಲನೆಯದನ್ನು ಮರೆತಿದ್ದರೆ ಎರಡನೆಯದು ಬರೀ ಒಂದು ಒಳ್ಳೇ ಟ್ಯೂನ್ ಆಗ್ತಿತ್ತೇನೋ.

1807ರಲ್ಲಿ ಕಾಮನ್ಸ್ ಸಭೆ 16ಕ್ಕೆ 283 ಮತಗಳಿಂದ ಮಸೂದೆ ಒಪ್ಪಿತು. ಮಾರ್ಚ್ 25ರಂದು ಅದು ಕಾನೂನಾಯ್ತು. ಬ್ರಿಟಿಷ್ ಹಡಗುಗಳು ಇನ್ನು ಗುಲಾಮರನ್ನು ಸಾಗಿಸುವಂತಿಲ್ಲ. ಗುಲಾಮಗಿರಿಯನ್ನೇ ರದ್ದು ಮಾಡೋ ಕಾನೂನಿಗೆ 1833ರ ತನಕ ಕಾಯಬೇಕಾಯ್ತು. ಅದೇ 1807ರ ಡಿಸೆಂಬರ್ 21ರಂದು, 82ನೇ ವಯಸ್ಸಿನಲ್ಲಿ, ನ್ಯೂಟನ್ ತೀರಿಕೊಂಡ.

ಸಮಾಧಿಯ ಮೇಲೆ ಏನಿರಬೇಕು ಅಂತ ಅವನೇ ಮೊದಲೇ ಬರೆದಿಟ್ಟಿದ್ದ. 1893ರಲ್ಲಿ ಗಂಡ ಹೆಂಡತಿ ಇಬ್ಬರ ಅವಶೇಷಗಳನ್ನೂ ಓಲ್ನಿಗೆ ತಂದರು, ಆ ಬರಹ ಈಗ ಅಲ್ಲಿದೆ. ಅದರಲ್ಲಿ ಪುಸ್ತಕಗಳ ಪಟ್ಟಿ ಇಲ್ಲ, ಹಾಡಿನ ಹೆಸರೂ ಇಲ್ಲ. ಪಾದ್ರಿ ಅಂತ ಹೇಳಿದ ಕೂಡಲೇ, ಒಂದು ಕಾಲದಲ್ಲಿ ನಾಸ್ತಿಕ, ಲಂಪಟ, ಆಫ್ರಿಕಾದಲ್ಲಿ ಗುಲಾಮರ ಸೇವಕ ಆಗಿದ್ದವನು ಅಂತ ಇದೆ. ಕ್ಷಮೆ ಸಿಕ್ಕಿದ್ದು, ಕೆಲಸ ಸಿಕ್ಕಿದ್ದು ಅದರ ನಂತರ ಬರ್ತದೆ.

ಮುಂದಿನ ಸಲ ಯಾರಾದರೂ ಹಾಸ್ಟೆಲ್ಲಿನಲ್ಲಿ ಗಿಟಾರ್ ಹಿಡಿದು ಆ ಟ್ಯೂನ್ ನುಡಿಸಿದರೆ ಬಿರುಗಾಳಿಯನ್ನು ನೆನೆಸಿಕೊಳ್ಳಿ, ಬೇಡ ಅನ್ನಲ್ಲ. ಜೊತೆಗೆ ಪ್ಲಾಂಟೇನ್ ದ್ವೀಪದಲ್ಲಿ ಸರಪಳಿಯಲ್ಲಿದ್ದುಕೊಂಡೇ ತಮ್ಮ ಹಿಡಿ ಅನ್ನದಲ್ಲಿ ಪಾಲು ಕೊಟ್ಟವರನ್ನೂ ನೆನೆಸಿಕೊಳ್ಳಿ. ಅವರ ಕಡೆ ತಿರುಗಿ ನೋಡೋಕೆ ಅವನಿಗೆ ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯ್ತು. ನಮ್ಮ ಕಾಲದಲ್ಲಿ ಎಲ್ಲರೂ ಸರಿ ಅಂತ ಒಪ್ಪಿಕೊಂಡಿರೋ ಯಾವ ಡೆಕ್ಕಿನ ಕೆಳಗೆ ಯಾರಿದ್ದಾರೆ ಅಂತ ನಾವು ಇಷ್ಟು ತಡ ಮಾಡದೆ ಒಮ್ಮೆ ಬಗ್ಗಿ ನೋಡಬಹುದು.